ನೆರಳಿನ ಬಣ್ಣ ಯಾವುದು?

ನೆರಳಿನ ಬಣ್ಣ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಶಾಲೆಗೆ ಹೋಗುವ ಮಗುವಿನಿಂದ ಹಿಡಿದು ಮೊಮ್ಮಕ್ಕಳನ್ನು ಕಂಡ ಹಿರಿಯರವರೆಗೆ ಎಲ್ಲರದೂ ಒಂದೇ ಉತ್ತರ: ಕಪ್ಪು. ಯೋಚಿಸಬೇಕಾದ ಅಗತ್ಯವೇ ಇಲ್ಲದ ಉತ್ತರ ಅದು. ಹಾಗೆ ಉತ್ತರಿಸಿದವರಲ್ಲಿ ಒಂದು ನೆರಳಿನ ಮುಂದೆ ನಿಂತು ಅದನ್ನು ನೋಡಿದವರು ಎಷ್ಟು ಮಂದಿ ಇದ್ದಾರು? ನಾವು ನೆರಳನ್ನು ನೋಡುವುದಿಲ್ಲ. ನೆರಳು ಕಪ್ಪು ಎಂಬುದು ನಮಗೆ ಗೊತ್ತಿದೆ. ಗೊತ್ತಿರುವುದನ್ನು ಮತ್ತೆ ನೋಡುವ ಕಷ್ಟವನ್ನು ಯಾರು ತೆಗೆದುಕೊಳ್ಳುತ್ತಾರೆ?

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಹೇಮಗುಡ್ಡದಂಥ ಊರಿನಲ್ಲಿ ಈ ಪರೀಕ್ಷೆ ಮಾಡಿಕೊಳ್ಳುವುದು ಸುಲಭ. ಯಾರೋ ಆಟಕ್ಕೆ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಗುಂಡುಗಲ್ಲುಗಳ ಗುಡ್ಡಗಳು, ಅವುಗಳ ನಡುವೆ ಹಳೆಯ ಕೋಟೆಯ ಗೋಡೆಗಳು. ನೆರಳು ಬೀಳಲು ಅಲ್ಲಿ ಜಾಗಕ್ಕೆ ಕೊರತೆಯಿಲ್ಲ. ಮೋಡವಿಲ್ಲದ ಚಳಿಗಾಲದ ಸಂಜೆ ಐದು ಗಂಟೆಯ ಹೊತ್ತಿಗೆ ಬಂಡೆಯ ಬಿಸಿಲಿನ ಮಗ್ಗುಲು ಕಾವಿ ಬಣ್ಣಕ್ಕೆ ತಿರುಗಿರುತ್ತದೆ. ಅದೇ ಬಂಡೆಯ ನೆರಳಿನ ಮಗ್ಗುಲನ್ನು, 'ಇದು ನೆರಳು' ಎಂಬ ಹೆಸರನ್ನು ಒಂದು ಗಳಿಗೆ ಮರೆತು ನೋಡಿದರೆ, ಅಲ್ಲಿ ಕಪ್ಪು ಇರುವುದಿಲ್ಲ. ತೆಳು ನೀಲಿ ಇರುತ್ತದೆ, ಕೆಲವೊಮ್ಮೆ ನೇರಳೆ. ಇದರಲ್ಲಿ ಪವಾಡವೇನೂ ಇಲ್ಲ. ನೇರ ಬಿಸಿಲು ತಲುಪದ ಜಾಗವನ್ನು ನೀಲಿ ಆಕಾಶ ಬೆಳಗುತ್ತಿರುತ್ತದೆ. ಜೊತೆಗೆ ಪಕ್ಕದ ಕೆಂಬಣ್ಣ ಆ ನೀಲಿಯನ್ನು ಕಣ್ಣಿಗೆ ಇನ್ನಷ್ಟು ನೀಲಿಯಾಗಿಸುತ್ತದೆ. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೀಗೆ ಬದಲಿಸುವುದನ್ನು ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನ ವಿಜ್ಞಾನಿ ಶೆವ್ರೊಲ್ 1839ರಲ್ಲೇ ಪುಸ್ತಕ ಬರೆದು ವಿವರಿಸಿದ್ದ.

ವಿಜ್ಞಾನಿ ಬರೆದದ್ದನ್ನು ಬಟ್ಟೆಯ ಮೇಲೆ ಬಣ್ಣದಲ್ಲಿ ತೋರಿಸಿ ಪ್ಯಾರಿಸ್ಸಿನ ಜನರಿಂದ ನಗೆಪಾಟಲಿಗೆ ಈಡಾದವರು ಒಂದು ಚಿತ್ರಕಾರರ ಗುಂಪಿನವರು. 1874ರ ಏಪ್ರಿಲ್ 15ರಂದು, ನಾದಾರ್ ಎಂಬ ಛಾಯಾಗ್ರಾಹಕ ಬಿಟ್ಟುಹೋಗಿದ್ದ ಸ್ಟುಡಿಯೋದಲ್ಲಿ ಸುಮಾರು ಮೂವತ್ತು ಮಂದಿ ಕಲಾವಿದರು ಸ್ವಂತ ಪ್ರದರ್ಶನ ಏರ್ಪಡಿಸಿದರು. ಸರಕಾರಿ ಪ್ರದರ್ಶನದ ತೀರ್ಪುಗಾರರಿಂದ ಮತ್ತೆ ಮತ್ತೆ ತಿರಸ್ಕೃತರಾಗಿ ಬೇಸತ್ತವರು ಅವರಲ್ಲಿ ಅನೇಕರು. ಕ್ಲೋದ್ ಮೊನೆ ಅಲ್ಲಿಟ್ಟಿದ್ದ ಒಂದು ಬಂದರಿನ ಚಿತ್ರದ ಹೆಸರು 'ಇಂಪ್ರೆಷನ್, ಸೂರ್ಯೋದಯ'. ಇಂಪ್ರೆಷನ್ ಎಂದರೆ ನೋಟ ಮನಸ್ಸಿನ ಮೇಲೆ ಒತ್ತಿಹೋಗುವ ಅಚ್ಚು. ಲೂಯಿ ಲರುವಾ ಎಂಬ ವಿಮರ್ಶಕ ಆ ಹೆಸರನ್ನೇ ಹಿಡಿದು ಇಡೀ ಗುಂಪನ್ನು 'ಇಂಪ್ರೆಷನಿಸ್ಟರು' ಎಂದು ಗೇಲಿ ಮಾಡಿದ. ಗೇಲಿಯ ಹೆಸರೇ ಉಳಿಯಿತು. ಕನ್ನಡದಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು 'ವಾದ'ದ ಹೆಸರು ಕೊಟ್ಟಿದ್ದಾರೆ. ನಾವಿಲ್ಲಿ ಇಂಪ್ರೆಷನಿಸಂ ಎಂದೇ ಕರೆಯುತ್ತೇವೆ. ಅವರು ವಾದ ಮಾಡಿದವರಲ್ಲ, ನೋಡಿದವರು.

ಅವರು ಮಾಡಿದ್ದು ಕೇಳಲು ಬಹಳ ಸರಳ. ಕೋಣೆಯಿಂದ ಹೊರಗೆ ಬಂದರು. 1841ರಲ್ಲಿ ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ವಿಧಾನ ಬಂದಿದ್ದರಿಂದ ಬಣ್ಣವನ್ನು ಚೀಲದಲ್ಲಿ ಹಾಕಿಕೊಂಡು ಹೊಲಕ್ಕೆ, ಹೊಳೆಗೆ ಹೋಗುವುದು ಸಾಧ್ಯವಾಗಿತ್ತು. ರೈಲು ಅವರನ್ನು ಬೆಳಗ್ಗೆ ಹಳ್ಳಿಗೆ ಒಯ್ದು ಸಂಜೆ ಮರಳಿ ತರುತ್ತಿತ್ತು. ಬೆಳಕು ಓಡುವುದರಿಂದ ಕೈಯೂ ಓಡಬೇಕಿತ್ತು. ಆದ್ದರಿಂದ ಸಣ್ಣ ಸಣ್ಣ ಕುಂಚದ ಹೊಡೆತಗಳು, ತಿದ್ದಿ ತೀಡಿ ನಯ ಮಾಡದ ಮೈ. ಎಲ್ಲಕ್ಕಿಂತ ಮುಖ್ಯವಾಗಿ, ಮರ ಹಸಿರು, ಹಿಮ ಬಿಳಿ, ನೆರಳು ಕಪ್ಪು ಎಂದು ಶಾಲೆಯಲ್ಲಿ ಕಲಿತದ್ದನ್ನು ಬದಿಗಿಟ್ಟು ಆ ಗಳಿಗೆಯಲ್ಲಿ ಕಣ್ಣಿಗೆ ಬಿದ್ದ ಬಣ್ಣವನ್ನೇ ಹಚ್ಚುವುದು. ಹಿಮದ ಮೇಲೆ ನೀಲಿ ನೆರಳು ಕಂಡ ಜನ ಇವರ ಕಣ್ಣು ಕೆಟ್ಟಿದೆ ಎಂದರು. ಕೆಟ್ಟಿದ್ದದ್ದು ಯಾರ ಕಣ್ಣು ಎಂಬುದೇ ಪ್ರಶ್ನೆ.

ಈ ಪ್ರಶ್ನೆ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ದೃಷ್ಟಿಶಾಸ್ತ್ರದ ಕುರಿತ ತನ್ನ 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ಇದನ್ನು ಎತ್ತಿದ್ದ. ನಾವು 'ನೋಡಿದೆ' ಎಂದುಕೊಳ್ಳುವುದರಲ್ಲಿ ಬಹುಪಾಲು ಕಣ್ಣಿನ ಕೆಲಸವಲ್ಲ, ಹಿಂದೆ ಕಂಡದ್ದನ್ನು ನೆನೆದು ಮನಸ್ಸು ಕ್ಷಣಾರ್ಧದಲ್ಲಿ ಕೊಡುವ ತೀರ್ಪು ಎಂಬುದು ಅವನ ವಿವರಣೆ. ತೀರ್ಪು ಎಷ್ಟು ವೇಗದಲ್ಲಿ ನಡೆಯುತ್ತದೆಂದರೆ ತೀರ್ಪು ಕೊಟ್ಟೆವೆಂಬುದೇ ನಮಗೆ ತಿಳಿಯುವುದಿಲ್ಲ. ಅವನ ನಂತರ ಬಂದ ಇಮಾಮ್ ಗಝಾಲಿ (1058-1111) ತನ್ನ ಸಂದೇಹಗಳ ಕಥೆ ಹೇಳುವಾಗ ನೆರಳಿನ ಉದಾಹರಣೆಯನ್ನೇ ತೆಗೆದುಕೊಳ್ಳುತ್ತಾರೆ. ಕಣ್ಣಿಗೆ ನೆರಳು ನಿಂತಂತೆ ಕಾಣುತ್ತದೆ, ಒಂದು ತಾಸು ಬಿಟ್ಟು ನೋಡಿದರೆ ಅದು ಸರಿದಿರುತ್ತದೆ. ನಕ್ಷತ್ರ ಒಂದು ನಾಣ್ಯದಷ್ಟು ಕಾಣುತ್ತದೆ, ಲೆಕ್ಕ ಹಾಕಿದರೆ ಅದು ಭೂಮಿಗಿಂತ ದೊಡ್ಡದು. ಹಾಗಾದರೆ ಕಣ್ಣನ್ನು ಹೇಗೆ ನಂಬುವುದು? ಗಝಾಲಿಯವರಿಗೆ ಕಣ್ಣಿನ ಮೇಲೆ ಸಂದೇಹ, ಮೊನೆಗೆ ಕಣ್ಣಿಗಿಂತ ಮುಂಚೆ ಮಾತಾಡುವ ಮನಸ್ಸಿನ ಮೇಲೆ ಸಂದೇಹ. ಎರಡೂ ಸಂದೇಹಗಳು ಮನುಷ್ಯನಿಗೆ ಬೇಕಾದವೇ ಎಂದು ನಮಗೆ ತೋರುತ್ತದೆ. ಯಾವ ಹೊತ್ತಿನಲ್ಲಿ ಯಾವುದು ಬೇಕು ಎಂಬುದರಲ್ಲೇ ಕಷ್ಟವಿರುವುದು.

ಗಂಗಾವತಿಯ ಸೀಮೆಯವರಿಗೆ ಮೊನೆಯ ಅತ್ಯಂತ ಪ್ರಸಿದ್ಧ ಚಿತ್ರಗಳ ವಸ್ತುವನ್ನು ಪರಿಚಯಿಸಬೇಕಾಗಿಲ್ಲ. ಅದು ಬಣವೆ. 1890-91ರಲ್ಲಿ ತನ್ನ ಮನೆಯ ಪಕ್ಕದ ಹೊಲದಲ್ಲಿ ಒಟ್ಟಿದ್ದ ಗೋಧಿಯ ಬಣವೆಗಳನ್ನು ಮೊನೆ ಸುಮಾರು ಇಪ್ಪತ್ತೈದು ಸಲ ಚಿತ್ರಿಸಿದ. ಬೆಳಗಿನದು, ಮಧ್ಯಾಹ್ನದ್ದು, ಹಿಮ ಬಿದ್ದದ್ದು, ಹಿಮ ಕರಗುವಾಗಿನದು, ಸೂರ್ಯ ಮುಳುಗುವಾಗಿನದು. ಹಲವು ಬಟ್ಟೆಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. 1891ರ ಮೇ ತಿಂಗಳಲ್ಲಿ ದ್ಯುರಾಂ ರುಯೆಲ್ ಎಂಬ ವ್ಯಾಪಾರಿ ಅವುಗಳಲ್ಲಿ ಹದಿನೈದನ್ನು ಒಟ್ಟಿಗೆ ತೂಗುಹಾಕಿದಾಗ ಪ್ಯಾರಿಸ್ಸಿನ ಜನ ಮುಗಿಬಿದ್ದು ನೋಡಿದರು. ಐದು ವರ್ಷಗಳ ಬಳಿಕ ಅಂಥದೊಂದು ಚಿತ್ರವನ್ನು ಮಾಸ್ಕೋದಲ್ಲಿ ನೋಡಿದ ಕಾಂಡಿನ್‌ಸ್ಕಿ ಎಂಬ ಕಾನೂನು ಪದವೀಧರನಿಗೆ ಅದು ಬಣವೆಯೆಂದು ಮೊದಲು ಗೊತ್ತೇ ಆಗಲಿಲ್ಲ. ಪ್ರದರ್ಶನದ ಪಟ್ಟಿ ನೋಡಿ ತಿಳಿದುಕೊಂಡ. ಮೊದಲು ಕಸಿವಿಸಿಯಾಯಿತು, ಆಮೇಲೆ ಆ ಚಿತ್ರ ತಲೆಯಿಂದ ಹೋಗಲೇ ಇಲ್ಲ. ಆತ ವಕೀಲಿಕೆಯ ದಾರಿ ಬಿಟ್ಟು ಚಿತ್ರಕಾರನಾದ. ವಸ್ತುವೇ ಇಲ್ಲದ ಚಿತ್ರ ಬರೆದ ಮೊದಲಿಗರಲ್ಲಿ ಒಬ್ಬನಾದ.

ಬಣವೆಯ ಮಾತು ಬಂದದ್ದರಿಂದ ಒಂದು ಆಕ್ಷೇಪವನ್ನೂ ಇಲ್ಲೇ ಹೇಳಿಬಿಡಬೇಕು. ಬಣವೆ ಒಟ್ಟುವುದು ಸುಲಭದ ಕೆಲಸವಲ್ಲ. ಮಳೆ ನೀರು ಒಳಗಿಳಿಯದಂತೆ ಇಳಿಜಾರು ಕೊಟ್ಟು, ಗಾಳಿಗೆ ವಾಲದಂತೆ ತುಳಿದು ಒಟ್ಟಬೇಕು. ಭತ್ತ ಕೊಯ್ಯುವ ಯಂತ್ರಗಳು ಬಂದು ನಮ್ಮ ಕಡೆ ಬಣವೆಗಳು ಕಡಿಮೆಯಾಗಿವೆ, ಆದರೆ ಒಟ್ಟಿದ ಕೈಗಳು ಇನ್ನೂ ಊರಲ್ಲಿವೆ. ಮೊನೆಯ ಆ ಇಪ್ಪತ್ತೈದು ಬಣವೆಗಳ ಸುತ್ತ ಅಂಥ ಒಬ್ಬ ಆಳೂ ಕಾಣುವುದಿಲ್ಲ. ಬೆಳಕು ಎಷ್ಟು ಬಗೆಯದು ಎಂದು ಇಷ್ಟು ಶ್ರದ್ಧೆಯಿಂದ ನೋಡಿದ ಕಣ್ಣಿಗೆ ದುಡಿದವನು ಬೀಳಲಿಲ್ಲವೇ? ಹುಟ್ಟಿದೂರು ಬಿಟ್ಟು ಬಂದು ಫ್ರಾನ್ಸಿನ ಹಳ್ಳಿಗಳಲ್ಲಿ ನೆಲೆಸಿದ ಕಮಿಲ್ ಪಿಸಾರೊ ಮಾತ್ರ ಅದೇ ಬೆಳಕಿನಲ್ಲಿ ಕೋಸು ಕೊಯ್ಯುವ ಹೆಂಗಸರನ್ನು, ಆಲೂಗಡ್ಡೆ ಅಗೆಯುವವರನ್ನು ಮತ್ತೆ ಮತ್ತೆ ಬಿಡಿಸಿದ. ಈ ಪಿಸಾರೊನ ಬಳಿಗೆ ಮುಂದೆ ಬರುತ್ತೇವೆ.

ಇನ್ನೂ ಒಂದು ಮಾತು. ಮೊನೆ 1861-62ರಲ್ಲಿ ಸೈನಿಕನಾಗಿ ಅಲ್ಜೀರಿಯಾದಲ್ಲಿದ್ದ. ತನ್ನ ಮುಂದಿನ ಹುಡುಕಾಟದ ಬೀಜ ಅಲ್ಲಿಯ ಬೆಳಕು ಮತ್ತು ಬಣ್ಣದಲ್ಲಿತ್ತೆಂದು ವಯಸ್ಸಾದ ಮೇಲೆ ನೆನೆಸಿಕೊಂಡ. ರೆನ್ವಾ 1881ರಲ್ಲೂ 1882ರಲ್ಲೂ ಅಲ್ಜೀರ್ಸ್‌ಗೆ ಹೋಗಿ ಬಂದ. ಫ್ರಾನ್ಸ್ 1830ರಲ್ಲಿ ಆಕ್ರಮಿಸಿ ಜನರ ಭೂಮಿಯನ್ನು ಕಸಿದುಕೊಂಡ ನಾಡು ಅದು. ಅಲ್ಲಿಯ ಬಿಸಿಲು ಪ್ಯಾರಿಸ್ಸಿನ ಚಿತ್ರಗಳೊಳಗೆ ಧಾರಾಳವಾಗಿ ಬಂತು. ಅಲ್ಲಿಯ ಜನರ ಸಂಕಟ ಬರಲಿಲ್ಲ.

ಹೇಮಗುಡ್ಡದಿಂದ ಕೊಪ್ಪಳದ ದಾರಿ ಹಿಡಿದು ಕಿನ್ನಾಳಕ್ಕೆ ಹೋದರೆ ಇದಕ್ಕೆ ಪೂರ್ತಿ ವಿರುದ್ಧವಾದ ಕಲೆ ಸಿಗುತ್ತದೆ. ಅಲ್ಲಿಯ ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಮೇಲೆ ಬಿಳಿಯ ತಳಬಣ್ಣ ಹಚ್ಚಿ, ಹೊಳೆಯುವ ಬಣ್ಣದಲ್ಲಿ ಬೊಂಬೆ, ಮುಖವಾಡ, ದೇವರ ವಾಹನಗಳನ್ನು ಮಾಡುತ್ತಾರೆ. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯ ಚಿತ್ರಗಳನ್ನು ಬರೆದವರು ತಮ್ಮ ಹಿರಿಯರೆಂಬ ಪ್ರತೀತಿ ಅವರಲ್ಲಿದೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಕಿನ್ನಾಳದ ಬೊಂಬೆಗಳಿಗೆ ಸಿಕ್ಕಿದೆ. ಕಿನ್ನಾಳದ ಕುಶಲಿ ಗರುಡನನ್ನು ಮಾಡುವಾಗ ಬಯಲಿಗೆ ಹೋಗಿ ಹದ್ದನ್ನು ನೋಡುವುದಿಲ್ಲ. ಗರುಡನ ಬಣ್ಣ ಏನು, ಮೂಗು ಎಷ್ಟು, ರೆಕ್ಕೆ ಎಲ್ಲಿಂದ ಏಳಬೇಕು ಎಂಬುದು ಅಪ್ಪನಿಂದ ಮಗನಿಗೆ ಬಂದ ತಿಳಿವಳಿಕೆ. ಅಲ್ಲಿ ನೆರಳೇ ಇಲ್ಲ, ಬೆಳಕು ಯಾವ ದಿಕ್ಕಿನಿಂದ ಬಿತ್ತೆಂಬ ಪ್ರಶ್ನೆಯೂ ಇಲ್ಲ. ಕಂಡದ್ದನ್ನಲ್ಲ, ಗೊತ್ತಿರುವುದನ್ನು ಮಾಡುವ ಕಲೆ ಅದು.

ಆದ್ದರಿಂದ ಅದು ಕುರುಡೇ? ಹಾಗೆಂದು ಹೇಳುವವರ ಜೊತೆ ನಾವಿಲ್ಲ. ಇಂಪ್ರೆಷನಿಸಂ ಬಂದಿತೆಂದು ಕಿನ್ನಾಳದ ಕೆಲಸ ಹಳತಾಗುವುದಿಲ್ಲ. ಬಿಜಾಪುರದ ಆದಿಲ್‌ಶಾಹಿ ಕಾಲದ ಚಿತ್ರಗಳನ್ನು ನೋಡಿ: ಗುಲಾಬಿ, ನೇರಳೆ ಬಣ್ಣದ ಬಂಡೆಗಳು ಅಲ್ಲಿವೆ, ಮೊನೆ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ. ಆ ಕಲಾವಿದರು ಬಯಲಲ್ಲಿ ಕೂತು ಬರೆದವರಲ್ಲ, ಅರಮನೆಯ ಕಾರ್ಖಾನೆಯಲ್ಲಿ ಕಲ್ಪಿಸಿ ಬರೆದವರು. ಆದರೂ ಡೆಕ್ಕನ್ನಿನ ಸಂಜೆ ಅವರ ಬಂಡೆಗಳ ಮೇಲೆ ಹೇಗೋ ಬಂದು ಕೂತಿದೆ. ದೇವರಿಗೆ, ದೊರೆಗೆ, ಮಗುವಿನ ಆಟಕ್ಕೆ ಏನು ಬೇಕೆಂದು ಬಲ್ಲ ಕಲೆಗೆ ಅದರದೇ ಪ್ರಾಮಾಣಿಕತೆಯಿದೆ. ತೊಂದರೆ ಹುಟ್ಟುವುದು ಬೊಂಬೆಗೆ ಸಲ್ಲುವ ವಿಧಾನವನ್ನು ನಾವು ಜೀವಂತ ಮನುಷ್ಯರಿಗೂ ಅನ್ವಯಿಸಿದಾಗ: ಇಂಥವನ ಬಣ್ಣ ಇಂಥದ್ದು, ಇಂಥವನ ಮೂಗು ಹೀಗೇ ಇರಬೇಕು, ನೋಡುವ ಅಗತ್ಯವಿಲ್ಲ.

ಕನ್ನಡ ನಾಡಿನಲ್ಲಿ ಈ ಬೆಳಕಿನ ನೋಟ ಹಲವು ದಾರಿಗಳಿಂದ ಬಂತು. ಮೈಸೂರು ಅರಮನೆಯ ಚಿತ್ರಗಾರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪ (1886-1965) ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರಲ್ಲಿ ಕಲಿತವರು. ಪಶ್ಚಿಮದ ಶೈಲಿಗೆ ಬೆನ್ನು ತಿರುಗಿಸಿದ ಶಾಲೆ ಅದು. ಆದರೂ 1920ರ ದಶಕದಲ್ಲಿ ಊಟಿ, ಕೊಡೈಕನಾಲ್‌ಗಳಲ್ಲಿ ಅವರು ಬರೆದ ಜಲವರ್ಣಗಳಲ್ಲಿ ಬೆಳಗು, ಬೆಳದಿಂಗಳು, ಮಂಜು, ಮಳೆಮೋಡಗಳ ಬೆಟ್ಟಗಳು ಬೇರೆ ಬೇರೆ ಬೆಟ್ಟಗಳಂತೆಯೇ ಕಾಣುತ್ತವೆ. ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಗೊತ್ತಿರುವುದನ್ನು ಬರೆಯುವ ಮನೆತನದಿಂದ ಬಂದವರು ಕಂಡದ್ದನ್ನು ಬರೆಯಲು ಯಾರ ಅಪ್ಪಣೆಗೂ ಕಾಯಲಿಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ (1911-1996) ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಓದಿ 1949-50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್‌ಗೆ ಹೋದರು. ಇಂಪ್ರೆಷನಿಸ್ಟರ ಜೊತೆಯಲ್ಲೇ ಬೆಳೆದು ಅವರಿಂದ ಸಿಡಿದು ಹೋದ ಗೋಗ್ಯಾಂನ ಬಣ್ಣ ಅವರನ್ನು ಹಿಡಿದದ್ದು ಅಮೃತಾ ಶೇರ್‌ಗಿಲ್ ಅವರ ಚಿತ್ರಗಳ ಮೂಲಕವೂ ಹೌದು.

ಆದರೆ ನಮ್ಮಲ್ಲಿ ಇಂಪ್ರೆಷನಿಸ್ಟರಿಗೆ ಅತ್ಯಂತ ಹತ್ತಿರದ ಬಂಧು ಎಂದರೆ ದೊಡ್ಡಬಳ್ಳಾಪುರದ ರುಮಾಲೆ ಚೆನ್ನಬಸವಯ್ಯ (1910-1988). ಗಾಂಧಿವಾದಿ, ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡವರು, 'ತಾಯಿನಾಡು' ಪತ್ರಿಕೆಗೆ ದುಡಿದವರು. ಚಳವಳಿಗಾಗಿ ಕೆಳಗಿಟ್ಟ ಕುಂಚವನ್ನು ಐವತ್ತರ ಪ್ರಾಯ ದಾಟಿದ ಮೇಲೆ ಮತ್ತೆ ಕೈಗೆತ್ತಿಕೊಂಡರು. ಬೆಂಗಳೂರಿನ ರಸ್ತೆಬದಿಯಲ್ಲಿ ನಿಂತು ಗುಲ್‌ಮೊಹರ್, ಜಕರಂಡಾ ಹೂಬಿಟ್ಟ ಮರಗಳನ್ನು ದಪ್ಪ ದಪ್ಪ ಬಣ್ಣದ ಹೊಡೆತಗಳಲ್ಲಿ ಬರೆದರು. ಹಾದುಹೋಗುವ ಸಾವಿರಾರು ಜನರಿಗೆ ಅವು 'ಮರ' ಮಾತ್ರ ಆಗಿದ್ದವು. ರಸ್ತೆ ಅಗಲ ಮಾಡುವಾಗ ಅಂಥ ಎಷ್ಟೋ ಮರಗಳು ಹೋದವು. ನೋಡದೇ ಇದ್ದದ್ದನ್ನು ಕಡಿಯುವುದು ಸುಲಭ.

ಇಲ್ಲಿಂದ ನಮ್ಮ ನಿಜವಾದ ಪ್ರಶ್ನೆ ಶುರುವಾಗುತ್ತದೆ. ಹೆಸರನ್ನು ಬದಿಗಿಟ್ಟು ನೋಡುವ ಈ ಅಭ್ಯಾಸ ಬರೀ ಚಿತ್ರಕಾರರ ಕಸುಬೇ, ಅಥವಾ ಎಲ್ಲರ ಕರ್ತವ್ಯವೇ? ಬಂಡೆಯ ನೆರಳನ್ನು ಹಾಗೆ ನೋಡಬಹುದಾದರೆ ನೆರೆಮನೆಯವನನ್ನು ಹಾಗೆ ನೋಡಲಾಗದೇ? ಟೋಪಿ, ಗಡ್ಡ, ಬುರ್ಖಾ, ನಾಮ, ವಿಭೂತಿ, ಓಣಿಯ ಹೆಸರು, ಅಡ್ಡಹೆಸರು ಇವುಗಳಲ್ಲಿ ಒಂದು ಕಣ್ಣಿಗೆ ಬಿದ್ದೊಡನೆ ತೀರ್ಪು ಸಿದ್ಧವಾಗುತ್ತದೆ. ಬಾಡಿಗೆಗೆ ಮನೆ ಕೇಳಲು ಹೋದವನ ಹೆಸರು ಕೇಳಿದ ಮೇಲೆ 'ಮನೆ ಈಗಷ್ಟೇ ಬೇರೆಯವರಿಗೆ ಕೊಟ್ಟಾಯಿತು' ಎನ್ನುವ ಮಾಲೀಕ ಆ ಮನುಷ್ಯನ ಮುಖವನ್ನು ನೋಡಿರುವುದೇ ಇಲ್ಲ. ಇದು ಒಂದು ಸಮುದಾಯದ ರೋಗವಲ್ಲ. ಊರ ಹೊರಗಿನ ಕೇರಿಯವರು ಬಂದಾಗ ಬೇರೆ ಲೋಟ ಹುಡುಕುವ ಮನೆಗಳು ಎಲ್ಲ ಮತಗಳಲ್ಲೂ ಇವೆ, ನಮ್ಮಲ್ಲೂ.

ಊರುಗಳನ್ನು, ಚರಿತ್ರೆಯನ್ನು ನೋಡುವ ಬಗೆಯೂ ಇದೇ. ಹೇಮಗುಡ್ಡವನ್ನೇ ತೆಗೆದುಕೊಳ್ಳಿ. ನವರಾತ್ರಿಗೆ ಅಲ್ಲಿ ದುರ್ಗಾದೇವಿಯ ಅಂಬಾರಿ ಆನೆಯ ಮೇಲೆ ಹೊರಡುತ್ತದೆ, ಸುತ್ತಲಿನ ಜನ ಸೇರುತ್ತಾರೆ. ಹೇಮಗುಡ್ಡ ಮತ್ತು ಕುಮ್ಮಟದುರ್ಗದ ಕೋಟೆಗಳೆಂದರೆ ಕಂಪಿಲರಾಯ ಮತ್ತು ಅವನ ಮಗ ಗಂಡುಗಲಿ ಕುಮಾರರಾಮನ ಕಥೆ. ಕುಮಾರರಾಮನ ಶೌರ್ಯ ಕಾವ್ಯವಾಗಿದೆ, ಜನಪದ ಹಾಡಾಗಿದೆ, ಮಲೆನಾಡಿನ ಕಡೆ ಪೂಜೆಯೂ ಆಗಿದೆ. ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಬಂದು 1327ರಲ್ಲಿ ಕಂಪಿಲಿ ರಾಜ್ಯ ಮುಳುಗಿತು. ಇಷ್ಟು ಕೇಳಿದೊಡನೆ ನಮ್ಮ ಮನಸ್ಸು ಬಣ್ಣ ಹಚ್ಚಿ ಮುಗಿಸಿಬಿಡುತ್ತದೆ: ಇತ್ತ ಹಿಂದೂಗಳು, ಅತ್ತ ಮುಸ್ಲಿಮರು. ನೆರಳು ಕಪ್ಪು ಎಂದಷ್ಟೇ ಸಲೀಸಾಗಿ.

ಸ್ವಲ್ಪ ಹೊತ್ತು ನಿಂತು ನೋಡಿದರೆ ಬಣ್ಣ ಬೇರೆಯೇ. ಯುದ್ಧಕ್ಕೆ ಕಾರಣನಾದವನು ಬಹಾವುದ್ದೀನ್ ಗುರ್ಶಾಸ್ಪ್, ಸುಲ್ತಾನನ ಹತ್ತಿರದ ಸಂಬಂಧಿ, ಇಂದಿನ ಯಾದಗಿರಿ ಜಿಲ್ಲೆಯ ಸಗರದ ಆಡಳಿತಗಾರ. ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು, ಹೆಂಡತಿ ಮಕ್ಕಳೊಡನೆ ಓಡಿಬಂದು ಕಂಪಿಲರಾಯನ ಆಶ್ರಯ ಕೇಳಿದ. ರಾಯ ಕೊಟ್ಟ. ಒಪ್ಪಿಸೆಂದು ದೆಹಲಿ ಕೇಳಿದಾಗ ಒಪ್ಪಿಸಲಿಲ್ಲ. ಕೋಟೆ ಉಳಿಯುವುದಿಲ್ಲವೆಂದು ಖಚಿತವಾದಾಗ ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಸುರಕ್ಷಿತವಾಗಿ ಕಳಿಸಿ, ತಾನು ಹೋರಾಡಿ ಸತ್ತ. ಆ ಬೇರೊಬ್ಬ ಅರಸ ದ್ವಾರಸಮುದ್ರದ ಮೂರನೆಯ ಬಲ್ಲಾಳ. ಅವನು ಅತಿಥಿಯನ್ನು ಸುಲ್ತಾನನ ಕೈಗೆ ಕೊಟ್ಟುಬಿಟ್ಟ, ಸುಲ್ತಾನ ತನ್ನ ರಕ್ತಸಂಬಂಧಿಯ ಚರ್ಮ ಸುಲಿಸಿದ. ಇದನ್ನೆಲ್ಲ ದಾಖಲಿಸಿದವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ. 1334ರಲ್ಲಿ ದೆಹಲಿ ತಲುಪಿದ ಅವನು, ಸೆರೆಸಿಕ್ಕು ಮತಾಂತರಗೊಂಡು ಸುಲ್ತಾನನ ಆಸ್ಥಾನದಲ್ಲಿ ಗೌರವದಿಂದಿದ್ದ ಕಂಪಿಲರಾಯನ ಮಕ್ಕಳಲ್ಲಿ ಮೂವರನ್ನು ಕಂಡಿದ್ದ. ಅತಿಥಿಗಾಗಿ ಪ್ರಾಣ ಕೊಟ್ಟ ರಾಯನ ಬಗ್ಗೆ ಅವನ ಬರವಣಿಗೆಯಲ್ಲಿ ಮರ್ಯಾದೆಯಿದೆ.

ಹಾಗೆಂದು ಇದನ್ನು ಒಂದು ಸೌಹಾರ್ದದ ಪೋಸ್ಟರ್ ಮಾಡಲು ಹೊರಟರೆ ಅದೂ ಗೊತ್ತಿರುವ ಬಣ್ಣವನ್ನೇ ಹಚ್ಚಿದಂತೆ. ಕಂಪಿಲರಾಯನಿಗೆ ರಾಜಕೀಯದ ಲೆಕ್ಕಾಚಾರಗಳೂ ಇದ್ದಿರಬಹುದು. ಕೋಟೆಯೊಳಗೆ ಬೆಂಕಿಗೆ ಬಿದ್ದ ಹೆಂಗಸರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ನಮ್ಮ ವೇದಿಕೆಗಳಲ್ಲಿ ಭಾವುಕರಾಗಿ ಮಾತನಾಡುವ ಗೆಳೆಯರು ಈ ಕಡೆಗೂ ಗಮನ ಕೊಡುವುದು ಒಳ್ಳೆಯದು.

ಹಾಗಾದರೆ ಕಣ್ಣನ್ನು ಶುದ್ಧ ಮಾಡಿಕೊಂಡರೆ ಮನುಷ್ಯ ನ್ಯಾಯವಂತನಾಗುತ್ತಾನೆಯೇ? ಹಾಗೆ ನಂಬಲು ಆಸೆಯಾಗುತ್ತದೆ. ಕಲೆಯ ಬಗ್ಗೆ ಭಾಷಣ ಮಾಡುವವರೆಲ್ಲ ಹಾಗೆಂದೇ ಹೇಳುತ್ತಾರೆ. ಆದರೆ ಹಾಗೆ ಆಗುವುದಿಲ್ಲ ಎಂಬುದಕ್ಕೆ ಸಾಕ್ಷಿ ಆ ಇಂಪ್ರೆಷನಿಸ್ಟರೇ.

1894ರ ಡಿಸೆಂಬರಿನಲ್ಲಿ ಫ್ರಾನ್ಸಿನ ಸೈನಿಕ ನ್ಯಾಯಾಲಯ ಆಲ್‌ಫ್ರೆಡ್ ಡ್ರೇಫಸ್ ಎಂಬ ಯಹೂದಿ ಅಧಿಕಾರಿಯನ್ನು ಶತ್ರುದೇಶದ ಗೂಢಚಾರನೆಂದು ತೀರ್ಮಾನಿಸಿ ದೂರದ ದ್ವೀಪಕ್ಕೆ ಅಟ್ಟಿತು. ಸಾಕ್ಷ್ಯ ಕಳಪೆಯಾಗಿತ್ತು, ಯಹೂದಿ ಎಂಬುದು ಮಾತ್ರ ಗಟ್ಟಿಯಾಗಿತ್ತು. ನಿಜವಾದ ಅಪರಾಧಿ ಬೇರೊಬ್ಬನೆಂದು ತಿಳಿದ ಮೇಲೂ ಸೈನ್ಯ ಸುಳ್ಳನ್ನು ಮುಚ್ಚಲು ಇನ್ನಷ್ಟು ಸುಳ್ಳು ದಾಖಲೆ ಸೃಷ್ಟಿಸಿತು. 1898ರ ಜನವರಿ 13ರಂದು ಕಾದಂಬರಿಕಾರ ಎಮಿಲ್ ಜೋಲಾ 'ನಾನು ಆಪಾದಿಸುತ್ತೇನೆ' ಎಂಬ ತಲೆಬರಹದಲ್ಲಿ ರಾಷ್ಟ್ರಾಧ್ಯಕ್ಷನಿಗೆ ಬಹಿರಂಗ ಪತ್ರ ಪ್ರಕಟಿಸಿದ. ಇಡೀ ಫ್ರಾನ್ಸ್ ಎರಡಾಯಿತು. ಮನೆಗಳು ಒಡೆದವು, ಗೆಳೆತನಗಳು ಮುರಿದವು. ಡ್ರೇಫಸ್ ನಿರ್ದೋಷಿಯೆಂದು ಅಂತಿಮವಾಗಿ ತೀರ್ಪಾದದ್ದು 1906ರಲ್ಲಿ. ಸುಳ್ಳು ಮೊಕದ್ದಮೆಗಳಲ್ಲಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತು ನಿರ್ದೋಷಿಯೆಂದು ಹೊರಬಂದವರ ಸುದ್ದಿಗಳನ್ನು ನಮ್ಮ ದೇಶದಲ್ಲೂ ಓದಿರುವ ನಮಗೆ ಈ ಹನ್ನೆರಡು ವರ್ಷಗಳ ಉದ್ದ ಎಷ್ಟೆಂದು ಗೊತ್ತು.

ಚಿತ್ರಕಾರರು ಏನು ಮಾಡಿದರು? ಮೊನೆ ಕೂಡಲೇ ಜೋಲಾನಿಗೆ ಮೆಚ್ಚುಗೆಯ ಪತ್ರ ಬರೆದು ಅವನ ಪರ ನಿಂತ. ಅಮೆರಿಕದಿಂದ ಬಂದು ಅವರ ಗುಂಪು ಸೇರಿದ್ದ ಮೇರಿ ಕಸಾಟ್ ಕೂಡ ಡ್ರೇಫಸ್ ಪಕ್ಷ. ರೆನ್ವಾ ವಿರುದ್ಧ ಪಕ್ಷ. ಜೋಲಾನ ಬಾಲ್ಯದ ಗೆಳೆಯನೇ ಆಗಿದ್ದ ಸೆಜಾನ್ ಕೂಡ ಜೋಲಾನ ಪಕ್ಷದಲ್ಲಿರಲಿಲ್ಲ. ಎಲ್ಲರಿಗಿಂತ ಕಡುವಾಗಿ ಹೋದವನು ಎಡ್ಗರ್ ದೆಗಾ. ನರ್ತಕಿಯರ, ಬಟ್ಟೆ ಇಸ್ತ್ರಿ ಮಾಡುವ ಹೆಂಗಸರ ದಣಿದ ಮೈಯನ್ನು ಯಾವ ನಯವೂ ಇಲ್ಲದೆ, ಯಾವ ಸುಳ್ಳೂ ಇಲ್ಲದೆ ನೋಡಿದ ಕಣ್ಣು ಅವನದು. ಆ ಹೊತ್ತಿಗೆ ಅವನ ದೃಷ್ಟಿ ಮಂದವಾಗಿತ್ತು. ಯಹೂದಿ ದ್ವೇಷವನ್ನೇ ಉಸಿರಾಡುತ್ತಿದ್ದ 'ಲ ಲೀಬ್ರ್ ಪರೋಲ್' ಪತ್ರಿಕೆಯನ್ನು ಮನೆಗೆಲಸದಾಕೆಯಿಂದ ಓದಿಸಿ ಕೇಳುತ್ತಿದ್ದ. ತನ್ನನ್ನು ಮನೆಯವನಂತೆ ಕಂಡಿದ್ದ ಯಹೂದಿ ಮೂಲದ ಅಲೆವಿ ಕುಟುಂಬದ ಹೊಸ್ತಿಲನ್ನು ತುಳಿಯುವುದನ್ನೇ ಬಿಟ್ಟ.

ಪಿಸಾರೊನನ್ನೂ ಬಿಟ್ಟ. 1830ರಲ್ಲಿ ವೆಸ್ಟ್ ಇಂಡೀಸ್‌ನ ಸೇಂಟ್ ಥಾಮಸ್ ದ್ವೀಪದಲ್ಲಿ ಯಹೂದಿ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದ ಪಿಸಾರೊ ಆ ಗುಂಪಿನ ಹಿರಿಯ. 1874ರಿಂದ 1886ರವರೆಗೆ ನಡೆದ ಎಂಟೂ ಪ್ರದರ್ಶನಗಳಲ್ಲಿ ಭಾಗವಹಿಸಿದ ಒಬ್ಬನೇ ಒಬ್ಬ. ಸೆಜಾನ್, ಗೋಗ್ಯಾಂ ಇಬ್ಬರಿಗೂ ಕೈಹಿಡಿದು ಕಲಿಸಿದವನು. ದೆಗಾ ಜೊತೆ ಮುದ್ರಣಕಲೆಯ ಪ್ರಯೋಗಗಳನ್ನು ಒಟ್ಟಿಗೆ ಮಾಡಿದವನು. ಧರ್ಮಾಚರಣೆಯನ್ನು ಎಂದೋ ಬಿಟ್ಟಿದ್ದ. ಅದರಿಂದೇನು? ಮೂವತ್ತು ವರ್ಷಗಳ ಒಡನಾಟ, ನೋಡಿದ ಚಿತ್ರಗಳು, ಹಂಚಿಕೊಂಡ ಬಡತನ ಎಲ್ಲವೂ ಒಂದು ಹೆಸರಿನ ಹಿಂದೆ ಮರೆಯಾದವು. ಪಿಸಾರೊನ ಚಿತ್ರಗಳನ್ನು ಮೊದಲು ನೀನೇ ಹೊಗಳುತ್ತಿದ್ದೆಯಲ್ಲ ಎಂದು ಯಾರೋ ನೆನಪಿಸಿದಾಗ, ಅದು ಡ್ರೇಫಸ್ ಪ್ರಕರಣಕ್ಕೆ ಮೊದಲು ಎಂದು ದೆಗಾ ಉತ್ತರಿಸಿದನಂತೆ. ಹೇಳಿದ್ದು ನಿಜವಾದರೆ ಇದಕ್ಕಿಂತ ಭಯಂಕರವಾದ ಮಾತನ್ನು ಯಾವ ಚಿತ್ರಕಾರನೂ ಹ�ೇಳಿರಲಾರ. ಬಟ್ಟೆಯ ಮೇಲಿನ ಬಣ್ಣ ಬದಲಾಗಿರಲಿಲ್ಲ. ನೋಡುವವನ ಕಣ್ಣಿಗಿಂತ ಮೊದಲು ಮನಸ್ಸು ಮಾತಾಡಿತ್ತು, ಅಷ್ಟೆ.

ಸೆಜಾನ್ ವಿಷಯದಲ್ಲಿ ಒಂದು ಮಾತು ಸೇರಿಸದಿದ್ದರೆ ಅನ್ಯಾಯವಾದೀತು. ಪಿಸಾರೊ 1903ರಲ್ಲಿ ತೀರಿಕೊಂಡ. 1906ರಲ್ಲಿ ತನ್ನೂರು ಏಕ್ಸ್‌ನಲ್ಲಿ ನಡೆದ ಪ್ರದರ್ಶನದ ಪಟ್ಟಿಯಲ್ಲಿ, ಆಗ ಸ್ವತಃ ದೊಡ್ಡ ಹೆಸರಾಗಿದ್ದ ಸೆಜಾನ್ ತನ್ನನ್ನು 'ಪಿಸಾರೊನ ಶಿಷ್ಯ' ಎಂದು ನಮೂದಿಸಿಕೊಂಡ. ಮನುಷ್ಯರು ಪಕ್ಷಗಳಿಗಿಂತ ಗೋಜಲು.

ಜೋಲಾನ ಪತ್ರ ಪ್ರಕಟವಾದ ಆ ಚಳಿಗಾಲದಲ್ಲಿ ಪಿಸಾರೊ ಪ್ಯಾರಿಸ್ಸಿನಲ್ಲೇ ಇದ್ದ. ಕಣ್ಣಿನ ಹಳೆಯ ಕಾಯಿಲೆಯಿಂದಾಗಿ ಗಾಳಿ, ಧೂಳಿನಲ್ಲಿ ನಿಂತು ಬರೆಯುವುದು ಅವನಿಗೆ ಸಾಧ್ಯವಿರಲಿಲ್ಲ. ಲೂವ್ರ್ ಹೋಟೆಲಿನ ಒಂದು ಕೋಣೆ ಹಿಡಿದು ಕಿಟಕಿಯ ಹಿಂದೆ ಕೂತು ಕೆಳಗಿನ ರಸ್ತೆಯನ್ನು ಬರೆಯುತ್ತಿದ್ದ. ಒಂದು ಸಂಜೆ ತನ್ನ ವ್ಯಾಪಾರಿ ದ್ಯುರಾಂ ರುಯೆಲ್‌ನ ಅಂಗಡಿಗೆ ನಡೆದು ಹೋಗುವಾಗ, ಯಹೂದಿಗಳಿಗೆ ಸಾವು ಬರಲಿ, ಜೋಲಾನಿಗೆ ಧಿಕ್ಕಾರ ಎಂದು ಕೂಗುತ್ತಿದ್ದ ಪುಂಡರ ಗುಂಪಿನ ನಡುವೆ ಸಿಕ್ಕಿಬಿದ್ದ. ಉದ್ದ ಬಿಳಿ ಗಡ್ಡದ ಅರವತ್ತೇಳರ ಮುದುಕ ಅವರ ಮಧ್ಯದಿಂದಲೇ ಸಾವಧಾನವಾಗಿ ದಾಟಿಕೊಂಡು ಹೋದ. ಅವರಿಗೆ ತಾನು ಯಹೂದಿಯೆಂದು ಅನಿಸಲೇ ಇಲ್ಲ ಎಂದು ಮಗ ಲೂಸಿಯಾನ್‌ಗೆ ಪತ್ರದಲ್ಲಿ ತಿಳಿಸಿದ. ಯಾರನ್ನು ಕೊಲ್ಲಬೇಕೆಂದು ಅವರು ಕೂಗುತ್ತಿದ್ದರೋ ಅವನು ಮೊಣಕೈ ತಗಲುವಷ್ಟು ಹತ್ತಿರ ಹಾದುಹೋದರೂ ಅವರಿಗೆ ಕಾಣಲಿಲ್ಲ.

ಆ ದಿನಗಳಲ್ಲಿ ಅವನು ಕಿಟಕಿಯಿಂದ ಬರೆದ ಅವೆನ್ಯೂ ದ ಲೊಪೆರಾ ಚಿತ್ರಗಳು ಇಂದು ಹಲವು ದೇಶಗಳ ಮ್ಯೂಸಿಯಂಗಳಲ್ಲಿವೆ. ಮಂಜು, ಮಳೆ, ತೆಳು ಬಿಸಿಲು, ಕುದುರೆಗಾಡಿಗಳು, ಮತ್ತು ರಸ್ತೆ ತುಂಬ ಜನ. ಒಬ್ಬೊಬ್ಬರೂ ಕುಂಚದ ಒಂದೆರಡು ಹೊಡೆತ ಮಾತ್ರ, ಯಾರಿಗೂ ಮುಖವಿಲ್ಲ. ಅವರಲ್ಲಿ ಕೂಗಿದವರು ಯಾರು, ಕೂಗಿಗೆ ಹೆದರಿ ಬದಿಗೆ ಸರಿದವರು ಯಾರು ಎಂದು ಎಷ್ಟು ಹತ್ತಿರ ಹೋಗಿ ನೋಡಿದರೂ ತಿಳಿಯುವುದಿಲ್ಲ. ಅವರ ಕಾಲ ಬುಡದ ಒದ್ದೆ ಕಲ್ಲಿನ ಮೇಲೆ ಬಿದ್ದ ನೆರಳುಗಳಿಗೆ ಪಿಸಾರೊ ಹಚ್ಚಿದ್ದು ಬೂದು ಬೆರೆತ ನೀಲಿ.